ಕಳೆದ ಸುತ್ತಿಗೆ, ಸಿಕ್ಕ ಪೆಟ್ಟಿಗೆ



ಹೊಲದಲ್ಲಿ ಕೆಲಸ ಮಾಡುವಾಗ ಕುಡುಗೋಲೋ ಸುತ್ತಿಗೆಯೋ ಕಳೆದುಹೋದರೆ ನೀವೇನು ಮಾಡ್ತೀರಿ? ಸಾಲು ಹಿಡಿದು ಹುಡುಕುತ್ತೀರಿ. ಸಿಕ್ಕರೆ ಸಿಕ್ಕಿತು. ಸಿಗದಿದ್ದರೆ, ಬರುವ ವರ್ಷ ಉಳುವಾಗ ನೇಗಿಲಿಗೆ ತಗಲೀತು ಅಂತ ಸುಮ್ಮನಾಗುತ್ತೀರಿ. ಇಂಗ್ಲೆಂಡಿನ ಸಫೋಕ್ ಸೀಮೆಯಲ್ಲಿ ಹಾಕ್ಸನ್ ಎಂಬ ಹಳ್ಳಿ ಇದೆ. ಅಲ್ಲಿ ಪೀಟರ್ ವಾಟ್ಲಿಂಗ್ ಎಂಬ ಗೇಣಿ ರೈತನ ಸುತ್ತಿಗೆಯೊಂದು ಹೊಲದಲ್ಲಿ ಕಳೆದುಹೋಯಿತು. ಆತ ಸುಮ್ಮನಾಗಲಿಲ್ಲ. ಎರಿಕ್ ಲಾಸ್ ಎಂಬ ಗೆಳೆಯನನ್ನು ಕರೆದ. ಈ ಲಾಸ್ ತೋಟದ ಕೆಲಸ ಮಾಡಿ ನಿವೃತ್ತನಾದ ಮನುಷ್ಯ. ಆತನ ಬಳಿ ಲೋಹಶೋಧಕ ಯಂತ್ರವಿತ್ತು. ಅಂದರೆ ಮಣ್ಣಿನೊಳಗಿರುವ ಲೋಹವನ್ನು ಸದ್ದು ಮಾಡಿ ತಿಳಿಸುವ ಮೆಟಲ್ ಡಿಟೆಕ್ಟರ್.

೧೯೯೨ರ ನವೆಂಬರ್ ೧೬ರಂದು ಲಾಸ್ ಸುತ್ತಿಗೆ ಹುಡುಕುತ್ತ ಹೊಲದಲ್ಲಿ ನಡೆದ. ಯಂತ್ರ ಜೋರಾಗಿ ಕೂಗಿತು. ಅಗೆದು ನೋಡಿದರೆ ಸುತ್ತಿಗೆಯಲ್ಲ. ಬೆಳ್ಳಿಯ ಚಮಚ, ಚಿನ್ನದ ಒಡವೆ, ನಾಣ್ಯಗಳ ರಾಶಿ! ಅಂಥ ಹೊತ್ತಿನಲ್ಲಿ ನಮ್ಮ ನಿಮ್ಮ ಕೈ ಗುದ್ದಲಿ ಬಿಟ್ಟೀತೆ? ಲಾಸ್ ಮಾತ್ರ ಸ್ವಲ್ಪ ತೆಗೆದವನು ಅಲ್ಲಿಗೇ ನಿಲ್ಲಿಸಿದ. ಇಬ್ಬರೂ ಸೇರಿ ಪೊಲೀಸರಿಗೂ ಜಮೀನಿನ ಒಡೆತನವಿದ್ದ ಸ್ಥಳೀಯ ಸರಕಾರಕ್ಕೂ ಸುದ್ದಿ ಮುಟ್ಟಿಸಿದರು. ಮರುದಿನವೇ ಪುರಾತತ್ವದವರು ಬಂದು, ಮಣ್ಣನ್ನು ಪದರಪದರವಾಗಿ ಬಿಡಿಸಿ ಉಳಿದದ್ದನ್ನು ತೆಗೆದರು.

ಈ ಒಂದು ದಿನದ ತಾಳ್ಮೆಯಿಂದ ಏನಾಯಿತು, ಈ ಯಂತ್ರ ಎಲ್ಲಿಂದ ಬಂತು, ಕೊಳ್ಳುವವನು ಯಾವುದನ್ನು ನೋಡಿ ಕೊಳ್ಳಬೇಕು, ನಮ್ಮ ಹೊಲದಲ್ಲಿ ಇಂಥದು ಸಿಕ್ಕರೆ ನಾವು ಏನು ಮಾಡಬೇಕು, ಇಷ್ಟನ್ನು ಈ ಹೊತ್ತು ನೋಡೋಣ.

ಮೊದಲು ಯಂತ್ರದ ಕಥೆ. ಇದು ಹುಟ್ಟಿದ್ದು ನಿಧಿ ಹುಡುಕುವುದಕ್ಕಲ್ಲ, ಒಂದು ಜೀವ ಉಳಿಸುವುದಕ್ಕೆ. ೧೮೮೧ರ ಜುಲೈ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಒಬ್ಬನು ಗುಂಡು ಹೊಡೆದ. ಗುಂಡು ಮೈಯೊಳಗೆ ಎಲ್ಲಿ ಕೂತಿದೆ ಎಂದು ವೈದ್ಯರಿಗೆ ತಿಳಿಯದು. ಟೆಲಿಫೋನನ್ನು ಕಂಡುಹಿಡಿದ ಅಲೆಗ್ಸಾಂಡರ್ ಗ್ರಹಾಂ ಬೆಲ್, ವಿದ್ಯುತ್ತಿನ ಸುರುಳಿಗಳಿಂದ ಒಂದು ಉಪಕರಣ ಕಟ್ಟಿಕೊಂಡು ಬಂದ. ಆದರೆ ರೋಗಿ ಮಲಗಿದ್ದ ಹಾಸಿಗೆಯಲ್ಲೇ ಉಕ್ಕಿನ ಸ್ಪ್ರಿಂಗುಗಳಿದ್ದವು. ಅವು ಸದ್ದನ್ನು ಕೆಡಿಸಿದವು. ಸಾಲದ್ದಕ್ಕೆ, ಗುಂಡು ಬಲಗಡೆಯೇ ಇದೆ ಎಂದು ಹಟ ಹಿಡಿದ ಹಿರಿಯ ವೈದ್ಯನು ಬೇರೆ ಕಡೆ ನೋಡಗೊಡಲಿಲ್ಲ. ಅಧ್ಯಕ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಆಮೇಲೆ ನೋಡಿದರೆ ಗುಂಡು ಇದ್ದದ್ದು ಎಡಗಡೆ! ಯಂತ್ರವೊಂದಿದ್ದರೆ ಸಾಲದು, ಹುಡುಕುವವನ ತಲೆಯೂ ತೆರೆದಿರಬೇಕು.

ಮುಂದೆ ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಗೆರ್‌ಹಾರ್ಡ್ ಫಿಷರ್ ಎಂಬಾತ ವಿಮಾನಗಳಿಗೆ ದಿಕ್ಕು ತೋರಿಸುವ ರೇಡಿಯೋ ಉಪಕರಣ ಮಾಡುತ್ತಿದ್ದ. ಹತ್ತಿರ ಲೋಹವಿದ್ದರೆ ಅದು ದಿಕ್ಕು ತಪ್ಪುತ್ತಿತ್ತು. ಬೇರೆಯವರಾದರೆ ಉಪಕರಣ ಕೆಟ್ಟಿದೆ ಅನ್ನುತ್ತಿದ್ದರು. ಫಿಷರ್, ಈ ತಪ್ಪಿನಿಂದಲೇ ಲೋಹ ಹುಡುಕಬಹುದಲ್ಲ ಎಂದು ಯೋಚಿಸಿದ. ೧೯೩೭ರಲ್ಲಿ ಆತನಿಗೆ ಇದರ ಪೇಟೆಂಟು ಸಿಕ್ಕಿತು. ಎರಡನೆಯ ಮಹಾಯುದ್ಧ ಬಂದಾಗ, ಪೋಲೆಂಡಿನ ಸೇನಾಧಿಕಾರಿ ಯೂಜೆಫ್ ಕೊಸಾಟ್ಸ್ಕಿ ಸ್ಕಾಟ್ಲೆಂಡಿನಲ್ಲಿದ್ದುಕೊಂಡು ನೆಲಬಾಂಬು ಹುಡುಕುವ ಯಂತ್ರ ರೂಪಿಸಿದ. ೧೯೪೨ರಲ್ಲಿ ಈಜಿಪ್ಟಿನ ಎಲ್ ಅಲಮೇನ್ ಯುದ್ಧದಲ್ಲಿ ಸೈನಿಕರು ಅದನ್ನು ಹಿಡಿದು ಮರಳಿನಲ್ಲಿ ದಾರಿ ಬಿಡಿಸಿದರು. ಕೊಸಾಟ್ಸ್ಕಿ ಅದಕ್ಕೆ ಹಣ ಕೇಳಲಿಲ್ಲ, ಪೇಟೆಂಟೂ ಮಾಡಿಸಲಿಲ್ಲ. ಯುದ್ಧ ಮುಗಿದ ಮೇಲೆ ಮಿಕ್ಕ ಯಂತ್ರಗಳು ಜನರ ಕೈಗೆ ಬಂದವು. ಟ್ರಾನ್ಸಿಸ್ಟರು ಬಂದ ಮೇಲೆ ಯಂತ್ರ ಹಗುರವಾಯಿತು. ೧೯೭೦ರ ಸುಮಾರಿಗೆ ಇಂಗ್ಲೆಂಡಿನಲ್ಲಿ ರಜೆಯ ದಿನ ಹೊಲ ಸುತ್ತಿ ನಾಣ್ಯ ಹುಡುಕುವುದು ಒಂದು ಹವ್ಯಾಸವೇ ಆಗಿಹೋಯಿತು.

ಇದು ಕೆಲಸ ಮಾಡುವ ಬಗೆ ಸುಲಭ. ಕೋಲಿನ ತುದಿಯಲ್ಲಿ ತಟ್ಟೆಯಂಥ ಒಂದು ಸುರುಳಿ. ಅದರಲ್ಲಿ ವಿದ್ಯುತ್ತು ಹರಿದು ಸುತ್ತ ಅಯಸ್ಕಾಂತದ ಬಲ ಹರಡುತ್ತದೆ. ಆ ಬಲ ನೆಲದೊಳಗಿನ ಲೋಹಕ್ಕೆ ತಾಕಿದರೆ ಲೋಹದಲ್ಲೂ ಸಣ್ಣಗೆ ವಿದ್ಯುತ್ತು ಹುಟ್ಟಿ ಮರುದನಿ ಕೊಡುತ್ತದೆ. ಇನ್ನೊಂದು ಸುರುಳಿ ಅದನ್ನು ಹಿಡಿದು ಕಿವಿಗೆ ಸದ್ದು ಮಾಡಿ ಕೇಳಿಸುತ್ತದೆ. ಅಷ್ಟೆ. ಇದರಲ್ಲಿ ಅಂಜನವೂ ಇಲ್ಲ, ಮಂತ್ರವೂ ಇಲ್ಲ.

ಕೊಳ್ಳುವವರು ನೋಡಬೇಕಾದ ಮೊದಲನೆಯ ಗುಣ, ಮಣ್ಣಿಗೆ ಒಗ್ಗಿಕೊಳ್ಳುವ ಶಕ್ತಿ. ಕಬ್ಬಿಣದ ಅಂಶ ಹೆಚ್ಚಾಗಿರುವ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಮಣ್ಣೇ ಯಂತ್ರವನ್ನು ಕೂಗಿಸುತ್ತದೆ. ಆ ಕೂಗನ್ನು ಕಳೆದು ನಿಲ್ಲಿಸುವ ಗುಂಡಿ ಯಂತ್ರದಲ್ಲಿರಬೇಕು. ಎರಡನೆಯದು, ಲೋಹದ ಜಾತಿ ಹೇಳುವ ಗುಣ. ಕಬ್ಬಿಣದ ಮೊಳೆಗೆ ಒಂದು ದನಿ, ಬೆಳ್ಳಿಗೆ ಒಂದು ದನಿ. ಆದರೆ ಇದನ್ನು ಪೂರ್ತಿ ನಂಬಬಾರದು. ತೆಳು ಚಿನ್ನದುಂಗುರವೂ ಸಿಗರೇಟಿನ ಪೊಟ್ಟಣದ ತಗಡೂ ಹೆಚ್ಚುಕಡಿಮೆ ಒಂದೇ ದನಿ ಕೊಡುತ್ತವೆ. ಮೂರನೆಯದು, ತಟ್ಟೆಯ ಅಳತೆ. ದೊಡ್ಡ ತಟ್ಟೆ ಆಳಕ್ಕೆ ಹೋಗುತ್ತದೆ. ಮೊಳೆ, ತಂತಿ ತುಂಬಿದ ನೆಲದಲ್ಲಿ ಚಿಕ್ಕ ತಟ್ಟೆಯೇ ವಾಸಿ. ನಾಲ್ಕನೆಯದು, ಕಡಲ ದಂಡೆಯ ಒದ್ದೆ ಉಪ್ಪು ಮರಳು. ಅಲ್ಲಿ ಸಾಮಾನ್ಯ ಯಂತ್ರ ತಡವರಿಸುತ್ತದೆ. ಬಿಟ್ಟುಬಿಟ್ಟು ಮಿಡಿಯುವ ಬೇರೆ ಜಾತಿಯ ಯಂತ್ರ ಬೇಕು. ಐದನೆಯದು, ತೂಕ. ದಿನವೆಲ್ಲ ಬೀಸಿದರೂ ತೋಳು ಸೋಲಬಾರದು.

ಆಳದ ಮಾತಂತೂ ಚೆನ್ನಾಗಿ ನೆನಪಿಡಿ. ಒಂದು ನಾಣ್ಯವನ್ನು ಈ ಯಂತ್ರ ಒಂದು ಗೇಣಿನಷ್ಟು ಆಳದಲ್ಲಿ ಗುರುತಿಸಿದರೆ ಅದೇ ಹೆಚ್ಚು. ದೊಡ್ಡ ಪಾತ್ರೆಯಾದರೆ ಇನ್ನೂ ಸ್ವಲ್ಪ ಆಳ. ಹತ್ತು ಮಾರು ಕೆಳಗಿನ ಕೊಪ್ಪರಿಗೆಯನ್ನು, ಊರಾಚೆಯ ಗುಡ್ಡದ ಚಿನ್ನವನ್ನು, ನಿಂತಲ್ಲೇ ತೋರಿಸುವ ಯಂತ್ರವನ್ನು ಯಾರೂ ಮಾಡಿಲ್ಲ. ಹಾಗೆ ಹೇಳಿ ಮಾರಲು ಬಂದವನು ಮೋಸಗಾರ. ಇಂಥ ಮೋಸ ಎಲ್ಲಿಗೆ ಮುಟ್ಟುತ್ತದೆ ನೋಡಿ. ಗಾಲ್ಫ್ ಚೆಂಡು ಹುಡುಕುವ ಆಟಿಕೆಯೊಂದನ್ನು ನೋಡಿಕೊಂಡು, ಒಳಗೆ ಏನೂ ಇಲ್ಲದ ಹಿಡಿಕೆಗೆ ಒಂದು ಕಡ್ಡಿ ಸಿಕ್ಕಿಸಿ, ಬಾಂಬು ಪತ್ತೆ ಯಂತ್ರವೆಂದು ಇಂಗ್ಲೆಂಡಿನ ಒಬ್ಬ ವ್ಯಾಪಾರಿ ಇರಾಕ್ ದೇಶಕ್ಕೆ ಮಾರಿದ. ಅದನ್ನು ನಂಬಿ ಕಾವಲು ನಿಂತ ಕಡೆಗಳಲ್ಲಿ ಬಾಂಬುಗಳು ನುಸುಳಿ ಜನ ಸತ್ತರು. ೨೦೧೩ರಲ್ಲಿ ಅವನಿಗೆ ಹತ್ತು ವರ್ಷದ ಜೈಲಾಯಿತು. ಎಮ್ಮೆ ಮಾರಿ, ಒಡವೆ ಒತ್ತೆಯಿಟ್ಟು ಅಂಥ ಕಡ್ಡಿ ಕೊಂಡರೆ ನಿಮ್ಮ ಮನೆಯ ನಿಧಿ ಅವನ ಜೇಬಿಗೆ ಹೋಯಿತೆಂದೇ ತಿಳಿಯಿರಿ.

ಹಾಗಾದರೆ ರೈತನಿಗೆ ನಿಜವಾದ ಯಂತ್ರದಿಂದ ಉಪಯೋಗವೇ ಇಲ್ಲವೆ? ಇದೆ. ಮೊಳೆ, ತಂತಿ ನುಂಗಿದ ಹಸುವಿನ ಹೊಟ್ಟೆಯನ್ನು ಪಶುವೈದ್ಯರು ಇದರಿಂದ ಪರೀಕ್ಷಿಸುತ್ತಾರೆ. ಕಳೆದ ಸುತ್ತಿಗೆಯನ್ನೂ ಇದು ಹುಡುಕಿಕೊಡುತ್ತದೆ.

ಈಗ ಹಾಕ್ಸನ್ನಿನ ಪೆಟ್ಟಿಗೆಗೆ ಬರೋಣ. ಅದು ಓಕ್ ಮರದ ಪೆಟ್ಟಿಗೆ. ಮರ ಕೊಳೆತು ಹೋಗಿತ್ತು. ಆದರೆ ಕೀಲು, ಬೀಗ, ಒಳಗಿನ ವಸ್ತುಗಳ ಜೋಡಣೆ ಹಾಗೇ ಇತ್ತು. ದೊಡ್ಡ ಪೆಟ್ಟಿಗೆಯೊಳಗೆ ಚಿಕ್ಕ ಚಿಕ್ಕ ಪೆಟ್ಟಿಗೆ, ಅವಕ್ಕೆ ಬೆಳ್ಳಿಯ ಪುಟ್ಟ ಬೀಗ. ನಾಣ್ಯಗಳೇ ೧೪,೮೬೫, ಚಮಚ, ಬಟ್ಟಲು, ಒಡವೆ ಸೇರಿ ಇನ್ನೂ ಸುಮಾರು ಇನ್ನೂರು ವಸ್ತುಗಳು. ಚಿನ್ನದ ಬಳೆಯೊಂದರ ಮೇಲೆ ಜೂಲಿಯಾನಾ ಎಂಬ ಹೆಣ್ಣುಮಗಳ ಹೆಸರು. ಕೊನೆಯ ನಾಣ್ಯಗಳು ಕ್ರಿ. ಶ. ೪೦೭–೪೦೮ರವು. ಅಂದರೆ ರೋಮಿನ ಆಳ್ವಿಕೆ ಬ್ರಿಟನ್ನಿನಿಂದ ಕಳಚಿಕೊಳ್ಳುತ್ತಿದ್ದ ಕಾಲ. ದಂಡು ಹೋಯಿತು, ಸಂಬಳದ ಹಣ ಬರುವುದು ನಿಂತಿತು. ಬೆಳ್ಳಿ ನಾಣ್ಯಗಳಲ್ಲಿ ಬಹುತೇಕ ಎಲ್ಲದರ ಅಂಚನ್ನೂ ಯಾರೋ ಕತ್ತರಿಸಿ ತೆಗೆದಿದ್ದರು. ಹೊಸ ಬೆಳ್ಳಿಗೆ ಎಷ್ಟು ಬರವಿತ್ತೆಂದು ಇದರಿಂದ ತಿಳಿಯಿತು. ಅಂಥ ದಿನಗಳಲ್ಲಿ ಒಂದು ಮನೆಯವರು ತಮ್ಮ ಸಿರಿಯನ್ನೆಲ್ಲ ಜೋಪಾನವಾಗಿ ಜೋಡಿಸಿ ಹೂತಿಟ್ಟರು. ತೆಗೆಯಲು ಮತ್ತೆ ಬರಲೇ ಇಲ್ಲ.

ಇದರಲ್ಲಿ ನಮಗೆ ಸೇರಿದ ಒಂದು ವಿಷಯವೂ ಉಂಟು. ಆ ಪೆಟ್ಟಿಗೆಯಲ್ಲಿ ಬೆಳ್ಳಿಯ ನಾಲ್ಕು ಮೆಣಸಿನ ಭರಣಿಗಳಿದ್ದವು. ಒಂದು ರಾಣಿಯಂಥ ಹೆಂಗಸಿನ ಆಕಾರದ್ದು. ತಳದ ಬಿಲ್ಲೆ ತಿರುಗಿಸಿದರೆ ಮೆಣಸಿನ ಪುಡಿ ಉದುರುತ್ತದೆ. ಆ ಕರಿಮೆಣಸು ಎಲ್ಲಿಯದು? ನಮ್ಮ ಈ ಪಡುವಣ ಕರಾವಳಿಯಿಂದ ಹಡಗು ಹತ್ತಿ ಹೋದದ್ದು. ೪೦೮ರಲ್ಲಿ ರೋಮ್ ನಗರಕ್ಕೆ ಮುತ್ತಿಗೆ ಹಾಕಿದ ಗಾಥರ ದೊರೆ ಅಲಾರಿಕ್, ಚಿನ್ನ ಬೆಳ್ಳಿಯ ಜೊತೆಗೆ ಮೂರು ಸಾವಿರ ರಾತ್ತಲು ಮೆಣಸನ್ನೂ ದಂಡವಾಗಿ ಪಡೆದನಂತೆ. ಹಾಗೆ ಹೋದ ಮೆಣಸಿಗೆ ಬದಲಾಗಿ ರೋಮಿನ ನಾಣ್ಯ ಇತ್ತ ಬರುತ್ತಿತ್ತು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಅಗೆತದಲ್ಲಿ, ಹಾಕ್ಸನ್ನಿಗಿಂತ ನಾನೂರು ವರ್ಷ ಹಿಂದಿನ ರೋಮಿನ ಬೆಳ್ಳಿ ನಾಣ್ಯ ಸಿಕ್ಕಿದೆ. ಚಂದ್ರವಳ್ಳಿಯ ನಾಣ್ಯ ಯಾವ ಪದರದಲ್ಲಿತ್ತು, ಜೊತೆಗೆ ಎಂಥ ಮಡಕೆ ಚೂರಿತ್ತು ಎಂದು ಬರೆದಿಟ್ಟುಕೊಂಡದ್ದರಿಂದಲೇ ಆ ಮಣ್ಣಿನ ಪದರಗಳ ಕಾಲ ಗೊತ್ತಾಯಿತು. ಅದೇ ನಾಣ್ಯ ಯಾರದೋ ಪೆಟ್ಟಿಗೆಯಲ್ಲಿ ಬಿಡಿಯಾಗಿ ಬಿದ್ದಿದ್ದರೆ ಒಂದಿಷ್ಟು ಬೆಳ್ಳಿ, ಅಷ್ಟೆ.

ಲಾಸ್‌ಗೆ ಏನು ಸಿಕ್ಕಿತು? ಸರಕಾರ ನಿಧಿಗೆ ೧೭ ಲಕ್ಷ ೫೦ ಸಾವಿರ ಪೌಂಡು ಬೆಲೆ ಕಟ್ಟಿ ಅವನಿಗೆ ಕೊಟ್ಟಿತು. ಅವನು ಅದನ್ನು ಗೆಳೆಯ ರೈತನೊಡನೆ ಹಂಚಿಕೊಂಡ. ಸುತ್ತಿಗೆಯೂ ಸಿಕ್ಕಿತು! ಅದೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸೇರಿತು.

ಇದಕ್ಕೆ ಎದುರು ಇನ್ನೊಂದು ಸಂಗತಿ ಕೇಳಿ. ೨೦೧೫ರಲ್ಲಿ ಹೆರಿಫರ್ಡ್‌ಷೈರಿನ ಒಂದು ಹೊಲದಲ್ಲಿ ಯಂತ್ರ ಹಿಡಿದ ಇಬ್ಬರಿಗೆ ಸಾವಿರದ ನೂರು ವರ್ಷಕ್ಕೂ ಹಳೆಯ ನಿಧಿ ಸಿಕ್ಕಿತು. ಅವರು ಹೊಲದ ಒಡೆಯನಿಗೂ ಹೇಳಲಿಲ್ಲ, ಸರಕಾರಕ್ಕೂ ಹೇಳಲಿಲ್ಲ, ಗುಟ್ಟಾಗಿ ಮಾರಿದರು. ಸುಮಾರು ಮುನ್ನೂರು ನಾಣ್ಯಗಳಲ್ಲಿ ಮೊದಲು ಮರಳಿ ಸಿಕ್ಕಿದ್ದು ಮೂವತ್ತರಷ್ಟು ಮಾತ್ರ. ಆ ಮೂವತ್ತರಲ್ಲೇ ಆಲ್ಫ್ರೆಡ್ ದೊರೆಯೂ ನೆರೆಯ ಮರ್ಸಿಯಾದ ದೊರೆ ಕಿಯೋಲ್ವುಲ್ಫನೂ ಜೊತೆಗೂಡಿ ಒಂದೇ ಮಾದರಿಯ ನಾಣ್ಯ ಹಾಕಿಸಿದ್ದು ಕಂಡಿತು. ಹಳೆಯ ಗ್ರಂಥಗಳು ಕೈಲಾಗದವನೆಂದು ಬದಿಗೆ ತಳ್ಳಿದ್ದ ದೊರೆ ಆತ! ಉಳಿದ ನಾಣ್ಯಗಳು ಇನ್ನೇನು ಹೇಳುತ್ತಿದ್ದವೋ. ೨೦೧೯ರಲ್ಲಿ ಇಬ್ಬರಿಗೂ ಜೈಲಾಯಿತು. ಇಂಗ್ಲೆಂಡಿನ ೧೯೯೬ರ ಕಾಯಿದೆಯಂತೆ ಹದಿನಾಲ್ಕು ದಿನದೊಳಗೆ ತಿಳಿಸಿದ್ದರೆ ಬಹುಮಾನವು ಹುಡುಕಿದವರಿಗೂ ಹೊಲದ ಒಡೆಯನಿಗೂ ಸಾಮಾನ್ಯವಾಗಿ ಅರ್ಧರ್ಧ ಆಗುತ್ತಿತ್ತು. ಹೇಳಿದವನಿಗೆ ಬಹುಮಾನ, ಮುಚ್ಚಿಟ್ಟವನಿಗೆ ಸೆರೆಮನೆ.

ನಮ್ಮಲ್ಲಿ? ಭಾರತದಲ್ಲಿ ನಿಧಿಯ ಕಾಯಿದೆ ೧೮೭೮ರಲ್ಲೇ ಬಂದಿತು. ನಮ್ಮ ರಾಜ್ಯಕ್ಕೆ ೧೯೬೨ರಲ್ಲಿ ಅದರದೇ ಕಾಯಿದೆಯಾಯಿತು. ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅಪರಾಧ. ಸಂರಕ್ಷಿತ ಗುಡಿ, ಕೋಟೆಗಳಲ್ಲಿ ಅಗೆಯುವುದಂತೂ ಕೂಡದು. ಇಂಗ್ಲೆಂಡಿನವರಂತೆ ಯಂತ್ರ ಹಿಡಿದು ನಿಧಿ ಹುಡುಕುವ ಹವ್ಯಾಸ ನಮಗೆ ಹೇಳಿದ್ದಲ್ಲ. ಆಸೆಬುರುಕರು ಅಂಜನ ನೋಡಿಸಿ, ನಡುರಾತ್ರಿ ಹಾಳುಗುಡಿಯ ಪೀಠ ಕಿತ್ತು, ವಿಗ್ರಹ ಒಡೆದು, ಬರಿಗೈಯಲ್ಲಿ ಹೋದ ಗುಂಡಿಗಳನ್ನು ನೀವೂ ನೋಡಿದ್ದೀರಿ.

ಆದರೆ ಹುಡುಕದೆಯೂ ಸಿಗಬಹುದು. ಬಾವಿ ತೋಡುವಾಗ, ಮನೆಗೆ ಪಾಯ ತೆಗೆಯುವಾಗ, ಉಳುವಾಗ ಗುಳಕ್ಕೆ ಏನಾದರೂ ತಗಲೀತು. ಆಗ ಕೆಲಸ ನಿಲ್ಲಿಸಿ. ಉಳಿದದ್ದನ್ನು ಕೀಳಬೇಡಿ. ಸಿಕ್ಕದ್ದನ್ನು ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ, ಅಕ್ಷರ ಅಳಿಸಿಹೋದೀತು. ಮಡಕೆ ಚೂರನ್ನೂ ಎಸೆಯಬೇಡಿ. ಊರಿನ ನಾಲ್ಕು ಹಿರಿಯರನ್ನು ಕರೆದು ತೋರಿಸಿ, ಕಾವಲಿಡಿ. ಅದೇ ದಿನ ತಾಲ್ಲೂಕು ಕಚೇರಿಗೋ ಪೊಲೀಸ್ ಠಾಣೆಗೋ ಬರಹದಲ್ಲಿ ತಿಳಿಸಿ, ಅದರ ಪ್ರತಿಯೊಂದನ್ನು ನಿಮ್ಮಲ್ಲಿಟ್ಟುಕೊಳ್ಳಿ.

ಬಿತ್ತಿದ ಬೆಳೆ ಈ ವರ್ಷ ಹೋದರೆ ಬರುವ ವರ್ಷ ಬಂದೀತು. ಕಲಕಿಹೋದ ಹಳೆಯ ಮಣ್ಣು ಮತ್ತೆ ಮೊದಲಿನಂತಾಗದು. ಸುತ್ತಿಗೆ ಹುಡುಕಲು ಹೋದ ಆ ಮನುಷ್ಯ ಕೈ ತಡೆದು ನಿಂತದ್ದರಿಂದ, ಹದಿನಾರು ನೂರು ವರ್ಷ ಹಿಂದೆ ಒಂದು ಮನೆಯವರು ಹೇಗೆ ಬಾಳಿದರೆಂದು ನಮಗೆ ಗೊತ್ತಾಯಿತು. ನಿಮ್ಮ ಹೊಲದಲ್ಲೂ ನಿಮ್ಮ ಹಿಂದೆ ಉತ್ತವರ ಗುರುತುಗಳಿವೆ. ಸಿಕ್ಕ ದಿನ ನೀವೂ ಕೈ ತಡೆದು ನಿಲ್ಲಿ.