ಸಿಂಥಸೈಸರ್ ಸಂಗೀತವನ್ನು ಮಷೀನೇ ನುಡಿಸುತ್ತದೆಯೇ?

ಸಾತನೂರು ಕಡೆಯ ಜಾತ್ರೆಯಲ್ಲೋ ಮದುವೆಯಲ್ಲೋ ಆರ್ಕೆಸ್ಟ್ರಾ ನಡೆದಾಗ, ಕೀಬೋರ್ಡ್ ಕಲಾವಿದರನ್ನು ನೋಡಿ 'ಎಲ್ಲಾ ಮಷೀನೇ ಮಾಡುತ್ತೆ, ಇವರಿಗ್ಯಾಕೆ ಅಷ್ಟು ದುಡ್ಡು?' ಎನ್ನುವವರಿದ್ದಾರೆ. ಇದು ನಿಜವೇ? ನಾವು ಪರಿಶೀಲಿಸಿದ್ದೇವೆ.

ಸಿಂಥಸೈಸರ್ ಹೇಗೆ ಕೆಲಸ ಮಾಡುತ್ತದೆ?
ಒಳಗಿನ ಆಸಿಲೇಟರ್ ವಿದ್ಯುತ್ ಅಲೆ ಹುಟ್ಟಿಸುತ್ತದೆ. ಅದು ಸೆಕೆಂಡಿಗೆ 440 ಸಲ ಏರಿಳಿದರೆ ಒಂದು ಸ್ವರ. 880 ಸಲವಾದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ. ಫಿಲ್ಟರ್ ಆ ದನಿಯನ್ನು ಮೊನಚು ಅಥವಾ ಮೆದು ಮಾಡುತ್ತದೆ. ಯಾವ ಸ್ವರ, ಯಾವಾಗ ಎಂದು ತೀರ್ಮಾನಿಸುವುದು ಮನುಷ್ಯನೇ.

ಈ ಅನುಮಾನ ಹೊಸದಲ್ಲ
1970ರ ದಶಕದ ಕೊನೆಗೆ ಬ್ರಿಟನ್‌ನ ಪೋಸ್ಟ್-ಪಂಕ್, ನ್ಯೂ ವೇವ್ ತಂಡಗಳು ಸಿಂಥಸೈಸರ್ ಹಿಡಿದವು. ಪಂಕ್ ಹಾಡು ರೆಕಾರ್ಡ್ ಮಾಡಲು ಹೋದ ಗ್ಯಾರಿ ನ್ಯೂಮನ್, ಸ್ಟುಡಿಯೋದಲ್ಲಿದ್ದ ಮಿನಿಮೂಗ್ ಸಿಂಥಸೈಸರ್‌ಗೆ ಮನಸೋತರು. 1979ರಲ್ಲಿ ಅವರ ತಂಡದ ಹಾಡು ಅಲ್ಲಿ ಮೊದಲ ಸ್ಥಾನಕ್ಕೇರಿತು. ಕೆಲಸ ಹೋಗುವ ಭಯದಿಂದ 1982ರಲ್ಲಿ ಸಂಗೀತಗಾರರ ಸಂಘದ ಲಂಡನ್ ಶಾಖೆಯೊಂದು ಸಿಂಥಸೈಸರ್ ನಿಷೇಧಕ್ಕೇ ಒತ್ತಾಯಿಸಿತು.

ನಮ್ಮಲ್ಲಿ?
ಅದೇ 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಹೊರತಂದರು. ಶ್ರುತಿ ಹಿಡಿಯುವುದು ಯಂತ್ರ, ಹಾಡಬೇಕಾದವರು ಗಾಯಕರೇ.

ತೀರ್ಮಾನ: ಅರ್ಧ ಸತ್ಯ
ಇಂದಿನ ಕೀಬೋರ್ಡ್‌ನಲ್ಲಿ ತಾಳ ತಾನಾಗಿ ಓಡಬಲ್ಲದು. ಆದರೆ ಗಾಯಕರ ಶ್ರುತಿಗೆ ಹೊಂದಿಸುವುದು, ಅವರು ಸಾಲು ತಪ್ಪಿದಾಗ ಕಾದು ಸೇರಿಸಿಕೊಳ್ಳುವುದು ಕಲಾವಿದರ ಕಿವಿ ಮತ್ತು ಕೈಗಳ ಕೆಲಸ. ಮುಂದಿನ ಸಲ ಸಂಭಾವನೆಗೆ ಚೌಕಾಸಿ ಮಾಡುವ ಮುನ್ನ ಅವರ ಕೈಗಳನ್ನೊಮ್ಮೆ ಗಮನಿಸಿ.