ಕಪ್ಪತಗುಡ್ಡದ ಠರಾವುಗಳು

ಕಪ್ಪತಗುಡ್ಡಕ್ಕೆ ಒಂದು ಕಾಲದಲ್ಲಿ ಸರ್ಕಾರ ಒಂದೇ ಇರಲಿಲ್ಲ. ಡಂಬಳ, ಡೋಣಿ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜದ್ದು. ಎರಡೂ ಸಂಸ್ಥಾನ ಆಳಿದವರು ಪಟವರ್ಧನರೇ. ಆ ಕಡೆ ಕಟ್ಟಿಗೆ ಕಡಿದವನು ದಿಬ್ಬ ದಾಟಿದರೆ ಈ ಕಡೆಯ ಸಿಪಾಯಿ ಬೀಡಿ ಕೊಟ್ಟು ಕೂಡಿಸುತ್ತಿದ್ದ ಅಂತ ನಮ್ಮಜ್ಜ ನಗುತ್ತಿದ್ದ. ಅಜ್ಜನ ಮಾತನ್ನು ಪೂರ್ತಿ ನಂಬುವಂತಿಲ್ಲ. ಆದರೆ ಗುಡ್ಡ ಯಾರದು ಎಂಬ ಜಗಳ ಹಳೆಯದು, ಅದು ಸುಳ್ಳಲ್ಲ. 1997ರಲ್ಲಿ ಗದಗ ಜಿಲ್ಲೆಯಾಯಿತು. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಿಗೆ ಹರಡಿಕೊಂಡ ಗುಡ್ಡದ ಕಾಗದಪತ್ರವೆಲ್ಲ ಒಂದೇ ಡಿಸಿ ಆಫೀಸಿಗೆ ಬಂತು.

ನಾವು ಬೆಟಗೇರಿಯ ಮಗ್ಗದ ಮನೆತನದವರು. ಅಪ್ಪ ಮಗ್ಗ ಬಿಟ್ಟು ಗದಗಿನಲ್ಲಿ ಒಂದು ಟ್ರೆಡಲ್ ಮಷಿನ್ ಇಟ್ಟ. ಮುದ್ರಣದ ಊರಿನಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ಈಗ ನನ್ನದು ಡಿಟಿಪಿ, ಜೆರಾಕ್ಸು, ಲಗ್ನಪತ್ರಿಕೆ. ಜೊತೆಗೆ ಅರ್ಜಿ, ಮನವಿ, ಗ್ರಾಮಸಭೆಯ ಠರಾವು. ಗುಡ್ಡದ ಚರಿತ್ರೆಯನ್ನು ನಾನು ಓದಿದ್ದಕ್ಕಿಂತ ಟೈಪ್ ಮಾಡಿದ್ದೇ ಹೆಚ್ಚು.

ಓದಿದ್ದು ಇಷ್ಟು. ಡೋಣಿ, ಸೊರಟೂರಿನ ಹಳ್ಳಗಳಲ್ಲಿ ಜಾಲಗಾರರು ಮಳೆ ಮುಗಿದ ಮೇಲೆ ಮರಳು ತೊಳೆದು ಚಿನ್ನದ ಪುಡಿ ತೆಗೆಯುತ್ತಿದ್ದರು. ಭೂಗರ್ಭ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಗುಡ್ಡ ಸುತ್ತಿ, ಡಂಬಳ ಬೆಟ್ಟಗಳ ಚಿನ್ನದ ಶಿಲೆಗಳ ಬಗ್ಗೆ 1874ರಲ್ಲಿ ವರದಿ ಬರೆದ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಂಪನಿಗಳು ಬಂದು ಹೊಸೂರು, ಕಬಲಾಯತಕಟ್ಟಿ ಸುತ್ತ ಆಳದ ಬಾವಿ ತೋಡಿದವು. ಹಾಕಿದ ದುಡ್ಡು ಹುಟ್ಟಲಿಲ್ಲ, ಹೋದವು. ಚಿನ್ನದ ಆಸೆ ಮಾತ್ರ ಫೈಲಿನಲ್ಲಿ ಉಳಿಯಿತು.

ನನ್ನ ಕಾಲದ ಕಥೆ ಶುರುವಾದದ್ದು ಉಕ್ಕಿನಿಂದ. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಸುತ್ತ ಪೋಸ್ಕೊ ಕಾರ್ಖಾನೆಗೆ ಮೂರು ಸಾವಿರ ಎಕರೆಗೂ ಮಿಕ್ಕಿ ಹೊಲ ಬೇಕೆಂದು ಸರ್ಕಾರ ಹೊರಟಿತು. ರೈತರ ಬೆನ್ನಿಗೆ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ನಿಂತರು. 2011ರ ಜುಲೈನಲ್ಲಿ ಭೂಸ್ವಾಧೀನ ನಿಂತಿತು, 2013ರಲ್ಲಿ ಕಂಪನಿಯೇ ಯೋಜನೆ ಕೈಬಿಟ್ಟಿತು. ಆಗಿನ ಕರಪತ್ರಗಳೆಲ್ಲ 'ಬೇಡ' ಎಂಬ ಒಂದೇ ಶಬ್ದದ ಮೇಲೆ ನಿಂತಿದ್ದವು. ದೊಡ್ಡ ಅಕ್ಷರ, ಕೆಂಪು ಶಾಯಿ, ಮುಗಿಯಿತು.

ಕಪ್ಪತಗುಡ್ಡದ ಕೆಲಸ ಅಷ್ಟು ಸುಲಭದ್ದಲ್ಲ. 2015ರ ಡಿಸೆಂಬರಿನಲ್ಲಿ ಸರ್ಕಾರ ಸುಮಾರು 17,872 ಹೆಕ್ಟೇರನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಿತು. ವನ್ಯಜೀವಿ ಕಾಯ್ದೆಯಲ್ಲಿ 36-ಎ ಅಂತ ಒಂದು ಕಲಮು ಇದೆ. ಇಂಥ ಘೋಷಣೆಗೆ ಮೊದಲು ಸ್ಥಳೀಯ ಜನರ ಜೊತೆ ಸಮಾಲೋಚನೆ ಮಾಡಬೇಕು ಎನ್ನುತ್ತದೆ ಅದು. 2016ರ ನವೆಂಬರಿನಲ್ಲಿ ಸರ್ಕಾರ ಅದೇ ಘೋಷಣೆಯನ್ನು ಹಿಂದಕ್ಕೆ ಪಡೆಯಿತು. ಜನರನ್ನು ಕೇಳಿರಲಿಲ್ಲ ಎಂಬುದು ಕಾರಣ! ಕೇಳದೆ ಕೊಟ್ಟವರೇ ಕೇಳಲಿಲ್ಲವೆಂದು ಕಸಿದುಕೊಂಡರು. ಗಣಿ ಪ್ರಸ್ತಾವಗಳು ಬಾಗಿಲಲ್ಲೇ ಕಾದಿದ್ದವು ಎನ್ನುವುದು ಇಲ್ಲಿ ಚಹಾ ಅಂಗಡಿಯವರಿಗೂ ಗೊತ್ತಿತ್ತು.

ಮುಂದೆ ನಡೆದದ್ದು ನನಗೆ ಇಡೀ ಪ್ರಕರಣದಲ್ಲೇ ಬಹಳ ಸೇರಿದ ಭಾಗ. ನಮ್ಮ ಜನ ಆ ನೆಪವನ್ನೇ ಹಿಡಿದುಕೊಂಡರು. ಕೇಳಿಲ್ಲವೇ, ಹಾಗಾದರೆ ಈಗ ಕೇಳಿರಿ ಎಂದರು. ಹಳ್ಳಿಗಳಿಂದ ಮನವಿ ಹಿಡಿದು ಬಂದವರಲ್ಲಿ ಡೋಣಿ ಕಡೆಯ ಒಬ್ಬ ಮುದುಕ ನೆನಪಿದ್ದಾನೆ. ಹಾಳೆ ಓದಿಸಿಕೊಂಡು, 'ವಿನಂತಿಸುತ್ತೇವೆ' ಬಂದಲ್ಲಿ ನನ್ನ ಕೈ ತಡೆದ. "ಅದನ್ ತಗಿ. ಅವ್ರು ಕೇಳ್ಯಾರಲ್ಲ, ನಾವ್ ಹೇಳೂದಷ್ಟ." ತೆಗೆದು 'ನಮ್ಮ ಅಭಿಪ್ರಾಯ ಹೀಗಿದೆ' ಅಂತ ಹಾಕಿದೆ. ಕೆಳಗೆ ಹೆಬ್ಬೆಟ್ಟು ಒತ್ತಿದ. ಪ್ಯಾಡಿನ ನೇರಳೆ ಮಸಿ ಹೆಚ್ಚಾಗಿ ಗುರುತು ಕಲೆಸಿತು, ಇನ್ನೊಂದು ಪ್ರತಿ ತೆಗೆಸಿ ಮತ್ತೆ ಒತ್ತಿದ. ದುಡ್ಡು ಎರಡು ಪ್ರತಿಗೂ ಕೊಟ್ಟ. ನಾನು ಒಂದಕ್ಕೇ ತಗೊಂಡೆ.

ಜಿಲ್ಲಾಡಳಿತ ಅಭಿಪ್ರಾಯ ಸಂಗ್ರಹಿಸಿತು. 2017ರ ಫೆಬ್ರುವರಿಯಲ್ಲಿ ಗದಗಿನಲ್ಲಿ ಸಿದ್ಧಲಿಂಗ ಸ್ವಾಮೀಜಿಯ ಮುಂದಾಳುತನದಲ್ಲಿ ಅಹೋರಾತ್ರಿ ಧರಣಿಯೂ ಆಯಿತು. ಏಪ್ರಿಲಿನಲ್ಲಿ ಸರ್ಕಾರ ಗುಡ್ಡಕ್ಕೆ ಮೊದಲಿನ ಸ್ಥಾನವನ್ನು ವಾಪಸು ಕೊಟ್ಟಿತು.

ಹಾಳಾದ ಮೇಲೆ ರಿಪೇರಿಗೆ ಕೂಡುವುದು ಲೋಕರೂಢಿ. 1989ರಲ್ಲಿ ಅಲಾಸ್ಕಾದ ಕಡಲಿನಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಸುಮಾರು 1.1 ಕೋಟಿ ಗ್ಯಾಲನ್ ಕಚ್ಚಾತೈಲ ಚೆಲ್ಲಿತು. 1991ರ ಒಪ್ಪಂದದಲ್ಲಿ ಕಂಪನಿ 90 ಕೋಟಿ ಡಾಲರ್ ಕೊಡಬೇಕಾಯಿತು. ಆ ದುಡ್ಡಿನಲ್ಲಿ ದಂಡೆಯನ್ನು ಹೇಗೆ ಸುಧಾರಿಸಬೇಕೆಂದು ತೀರ್ಮಾನಿಸಲು ಅಲಾಸ್ಕಾ ರಾಜ್ಯದ ಮೂವರು, ಕೇಂದ್ರದ ಮೂವರು ಒಂದೇ ಮೇಜಿಗೆ ಕೂತರು. ಎಷ್ಟೋ ಕಾಡನ್ನು ಆ ದುಡ್ಡಿನಲ್ಲೇ ಕೊಂಡು ಕಾದಿಟ್ಟರು. ನಮ್ಮ ಕಾರವಾರದ ಹತ್ತಿರವೂ 2006ರ ಮೇ ಕೊನೆಗೆ ಓಷನ್ ಸೆರಾಯ ಎಂಬ ಹಡಗು ಬಂಡೆಗೆ ಬಡಿದು ತೈಲ ಚೆಲ್ಲಿತ್ತು. ಸಮುದ್ರವಿಲ್ಲದ ಗದಗಿನವರು ಮಾಡಿದ್ದು ತಿರುವುಮುರುವು. ಚೆಲ್ಲುವುದಕ್ಕೆ ಮೊದಲೇ ಮೇಜು ಹಾಕಿಸಿದರು.

ಆದರೆ ಆ ಮೇಜಿನ ಬಗ್ಗೆ ನನ್ನದೊಂದು ತಕರಾರಿದೆ. ಮೀಸಲು ಪ್ರದೇಶಕ್ಕೆ ಕಾಯ್ದೆಯಲ್ಲೇ ಒಂದು ಸಮಿತಿ ಇದೆ. ಅರಣ್ಯ ಇಲಾಖೆಯವರು, ಕೃಷಿ ಮತ್ತು ಪಶುಸಂಗೋಪನೆಯವರು, ವನ್ಯಜೀವಿ ಕೆಲಸ ಮಾಡುವ ಸಂಸ್ಥೆಗಳ ಮೂವರು. ಇವರ ಜೊತೆಗೆ ಗುಡ್ಡದ ನೆಲ ಯಾವ ಯಾವ ಗ್ರಾಮ ಪಂಚಾಯ್ತಿಗೆ ಸೇರುತ್ತದೋ ಅಷ್ಟೂ ಪಂಚಾಯ್ತಿಗಳಿಂದ ಒಬ್ಬೊಬ್ಬರು. ಸಲಹೆ ಕೊಡುವ ಸಮಿತಿ ಅಷ್ಟೇ, ಆದರೂ ಪ್ರತಿ ಊರಿಗೂ ಕುರ್ಚಿ ಇತ್ತು. 2019ರ ಮೇ ತಿಂಗಳಲ್ಲಿ 244.15 ಚದರ ಕಿಲೋಮೀಟರ್ ಗುಡ್ಡ ವನ್ಯಜೀವಿ ಅಭಯಾರಣ್ಯವಾಯಿತು. ಗಣಿಯ ವಿರುದ್ಧ ಇದು ಇನ್ನೂ ಗಟ್ಟಿ ಬೇಲಿ, ಒಪ್ಪಿದೆ. ಅಭಯಾರಣ್ಯಕ್ಕೂ ಸಲಹಾ ಸಮಿತಿ ಇದೆ. ಅದರಲ್ಲಿ ಪಂಚಾಯತ್ ಸಂಸ್ಥೆಗಳ ಕಡೆಯಿಂದ ಒಟ್ಟು ಮೂವರು. ಕುರಿ ಮೇಯಿಸುವವರು, ತಾಂಡಾದವರು, ಗಿಡಮೂಲಿಕೆ ತರುವ ವೈದ್ಯರು ಎಲ್ಲರ ಮಾತು ಆ ಮೂವರ ಬಾಯಲ್ಲೇ ಹೊರಡಬೇಕು. ಇದನ್ನು ಹೇಳಿದರೆ ಗೆಳೆಯರು ನನ್ನ ಮೇಲೆ ಸಿಟ್ಟಾಗುತ್ತಾರೆ. ಗುಡ್ಡ ಉಳಿಯಿತಲ್ಲ ಮಾರಾಯ, ಇನ್ನೇನು ಬೇಕು ಅನ್ನುತ್ತಾರೆ. ಸಿದ್ಧಲಿಂಗ ಸ್ವಾಮೀಜಿ ಇದ್ದಿದ್ದರೆ ಕೇಳಬಹುದಿತ್ತು. ಅವರು 2018ರ ಅಕ್ಟೋಬರಿನಲ್ಲೇ ಲಿಂಗೈಕ್ಯರಾದರು.

ಪಂಚಾಯ್ತಿಗೊಂದು ಕುರ್ಚಿ ಇರುವ ಆ ಹಳೆಯ ಬಗೆಯ ಮೀಸಲು ನಮ್ಮಲ್ಲಿ ಇನ್ನೊಂದಿದೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಸುಮಾರು 50 ಹೆಕ್ಟೇರಿನ ಕೆರೆಯನ್ನು ಕಟ್ಟಿದ್ದು ಹೊಲಕ್ಕೆ ನೀರುಣಿಸಲು. ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಎಂಟು ಸಾವಿರದಷ್ಟು ಬಂದಿಳಿಯುತ್ತವೆ. 2024ರ ಜನವರಿ ಕೊನೆಗೆ ಅದು ರಾಮ್ಸಾರ್ ಪಟ್ಟಿಗೂ ಸೇರಿತು. ಹಕ್ಕಿ ಹಗಲು ನೀರಿನಲ್ಲಿ, ಹೊತ್ತು ಮುಳುಗಿದರೆ ಹೊಲದಲ್ಲಿ. ಊರವರು ಅವನ್ನು ಕಲ್ಲು ಹೊಡೆದು ಓಡಿಸಿದವರಲ್ಲ, ಬೈದುಕೊಂಡು ಸುಮ್ಮನಾಗುತ್ತಾರೆ.

ಮೊನ್ನೆ ಆ ಕಡೆಯ ಇಬ್ಬರು ರೈತರು ಬಂದಿದ್ದರು. ಕಡಲೆ ತಿಂದದ್ದಕ್ಕೆ ಪರಿಹಾರ ಕೇಳುವ ಮನವಿ ಬರೆಸಬೇಕಿತ್ತು. ಬರೆದು ಮುಗಿದ ಮೇಲೆ, ಕೆರೆಯ ಸಮಿತಿಯಲ್ಲಿ ನಿಮ್ಮ ಪಂಚಾಯ್ತಿಯಿಂದ ಯಾರಿದ್ದಾರೆ ಅಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಗಾದರೆ ಇನ್ನೊಂದು ಹಾಳೆ ಹಾಕುತ್ತೇನೆ, ಅದನ್ನೂ ಕೇಳೋಣ ಅಂದೆ. ಅದಕ್ಕೂ ದುಡ್ಡು ಎಷ್ಟು ಅಂತ ಕೇಳಿದರು.