ಇನ್‌ಫ್ಲುಯೆಂಜಾ ಜಾಗತಿಕ ಪಿಡುಗಿನ ವೈರಾಣುಗಳ ಉಗಮ ಮತ್ತು ವಿಕಾಸ

ಇನ್‌ಫ್ಲುಯೆಂಜಾ ಎ ವೈರಾಣುವು ಪಕ್ಷಿಗಳು, ಹಂದಿಗಳು, ಕುದುರೆಗಳು ಮತ್ತು ಮನುಷ್ಯರು ಸೇರಿದಂತೆ ಅನೇಕ ಜೀವಿಗಳಿಗೆ ಸೋಂಕು ತಗುಲಿಸುವ ಒಂದು ಆರ್‌ಎನ್‌ಎ ವೈರಾಣು. ಮನುಷ್ಯರಲ್ಲಿ ಪ್ರತಿವರ್ಷ ಕಾಣಿಸಿಕೊಳ್ಳುವ ಋತುಮಾನದ ಫ್ಲೂ ಜ್ವರಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು. ಜನಸಮುದಾಯದಲ್ಲಿ ಬಹುಪಾಲು ಜನರಿಗೆ ರೋಗನಿರೋಧಕ ಶಕ್ತಿ ಇಲ್ಲದಂತಹ ಹೊಸ ತಳಿಯೊಂದು ಹುಟ್ಟಿ, ಅದು ಮನುಷ್ಯರಿಂದ ಮನುಷ್ಯರಿಗೆ ಸುಲಭವಾಗಿ ಹರಡತೊಡಗಿದಾಗ ಜಾಗತಿಕ ಪಿಡುಗು ಉಂಟಾಗುತ್ತದೆ. 1918, 1957, 1968 ಮತ್ತು 2009ರಲ್ಲಿ ಇಂತಹ ನಾಲ್ಕು ಪಿಡುಗುಗಳು ಸಂಭವಿಸಿದವು. ಈ ನಾಲ್ಕೂ ವೈರಾಣುಗಳು ಪರಸ್ಪರ ಸಂಬಂಧವಿಲ್ಲದ ಪ್ರತ್ಯೇಕ ಘಟನೆಗಳಲ್ಲ. 1918ರ ವೈರಾಣುವಿನ ವಂಶವಾಹಿಗಳ ಸಂತತಿಯು ನಂತರದ ಮೂರರಲ್ಲಿಯೂ ಉಳಿದುಬಂದಿದೆ.

ವೈರಾಣುವಿನ ರಚನೆ

ಇನ್‌ಫ್ಲುಯೆಂಜಾ ಎ ವೈರಾಣುವಿನ ಆನುವಂಶಿಕ ವಸ್ತುವು ಒಂದೇ ಎಳೆಯಾಗಿರದೆ, ಎಂಟು ಪ್ರತ್ಯೇಕ ತುಂಡುಗಳಾಗಿರುತ್ತದೆ. ಈ ಎಂಟು ತುಂಡುಗಳಲ್ಲಿ ಒಟ್ಟು ಸುಮಾರು 13,500 ಅಕ್ಷರಗಳಷ್ಟು, ಅಂದರೆ ನ್ಯೂಕ್ಲಿಯೊಟೈಡ್‌ಗಳಷ್ಟು, ಮಾಹಿತಿ ಅಡಗಿದೆ. ವೈರಾಣುವಿನ ಹೊರಮೈಯಲ್ಲಿ ಎರಡು ಮುಖ್ಯ ಪ್ರೋಟೀನುಗಳಿವೆ. ಹಿಮಗ್ಲುಟಿನಿನ್ ಎಂಬ ಪ್ರೋಟೀನು ಜೀವಕೋಶದ ಮೇಲಿರುವ ಸಯಾಲಿಕ್ ಆಮ್ಲಕ್ಕೆ ಅಂಟಿಕೊಂಡು ವೈರಾಣುವಿಗೆ ಒಳಪ್ರವೇಶ ದೊರಕಿಸುತ್ತದೆ. ನ್ಯೂರಮಿನಿಡೇಸ್ ಎಂಬ ಪ್ರೋಟೀನು ಆ ಅಂಟನ್ನು ಕತ್ತರಿಸಿ, ಹೊಸದಾಗಿ ಹುಟ್ಟಿದ ವೈರಾಣುಗಳು ಜೀವಕೋಶದಿಂದ ಹೊರಬರಲು ನೆರವಾಗುತ್ತದೆ. ಎಚ್‌1ಎನ್‌1, ಎಚ್‌3ಎನ್‌2 ಮುಂತಾದ ಹೆಸರುಗಳಲ್ಲಿರುವ ಎಚ್ ಮತ್ತು ಎನ್ ಅಕ್ಷರಗಳು ಈ ಎರಡು ಪ್ರೋಟೀನುಗಳನ್ನು ಸೂಚಿಸುತ್ತವೆ. ಅಕ್ಷರಗಳ ಪಕ್ಕದ ಅಂಕಿಗಳು ಅವುಗಳ ಉಪವಿಧವನ್ನು ತಿಳಿಸುತ್ತವೆ.

ಸ್ವಾಭಾವಿಕ ಆಶ್ರಯ

ಬಾತುಕೋಳಿಗಳು, ಕಡಲಹಕ್ಕಿಗಳು ಹಾಗೂ ಇತರ ಕಾಡು ನೀರುಹಕ್ಕಿಗಳು ಈ ವೈರಾಣುವಿನ ಮೂಲ ಆಶ್ರಯದಾತರು. ಎಚ್‌1ರಿಂದ ಎಚ್‌16ರವರೆಗಿನ ಮತ್ತು ಎನ್‌1ರಿಂದ ಎನ್‌9ರವರೆಗಿನ ಉಪವಿಧಗಳು ಪಕ್ಷಿಗಳಲ್ಲಿ ಕಂಡುಬಂದಿವೆ. ಬಾವಲಿಗಳಲ್ಲಿಯೂ ಬೇರೆ ಎರಡು ಬಗೆಗಳು ಪತ್ತೆಯಾಗಿವೆ. ನೀರುಹಕ್ಕಿಗಳ ಕರುಳಿನಲ್ಲಿ ವೈರಾಣು ಸಾಮಾನ್ಯವಾಗಿ ಯಾವುದೇ ತೀವ್ರ ಕಾಯಿಲೆಯನ್ನು ಉಂಟುಮಾಡದೆ ವೃದ್ಧಿಯಾಗಿ, ಹಿಕ್ಕೆಯ ಮೂಲಕ ನೀರನ್ನು ಸೇರಿ ಇತರ ಹಕ್ಕಿಗಳಿಗೆ ಹರಡುತ್ತದೆ. ಈ ಕಾರಣದಿಂದ ಸಿಡುಬಿನಂತೆ ಇನ್‌ಫ್ಲುಯೆಂಜಾವನ್ನು ಭೂಮಿಯಿಂದ ನಿರ್ಮೂಲಗೊಳಿಸುವುದು ಸಾಧ್ಯವಿಲ್ಲ. ಸಿಡುಬಿನ ವೈರಾಣುವಿಗೆ ಮನುಷ್ಯನ ಹೊರತು ಬೇರೆ ಆಶ್ರಯವಿರಲಿಲ್ಲ.

ಬದಲಾವಣೆಯ ಎರಡು ಬಗೆಗಳು

ಮೊದಲನೆಯದು ನಿಧಾನವಾದ ಬದಲಾವಣೆ. ವೈರಾಣುವು ತನ್ನ ಆರ್‌ಎನ್‌ಎಯನ್ನು ನಕಲು ಮಾಡುವಾಗ ಆಗುವ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಅದಕ್ಕಿಲ್ಲ. ಹೀಗಾಗಿ ಪ್ರತಿ ಪೀಳಿಗೆಯಲ್ಲೂ ಸಣ್ಣಪುಟ್ಟ ಉತ್ಪರಿವರ್ತನೆಗಳು ಸೇರುತ್ತ ಹೋಗುತ್ತವೆ. ಹಿಮಗ್ಲುಟಿನಿನ್‌ನ ಆಕಾರವು ಸ್ವಲ್ಪ ಬದಲಾದರೂ, ಹಿಂದಿನ ಸೋಂಕಿನಿಂದ ದೇಹದಲ್ಲಿ ರೂಪುಗೊಂಡ ಪ್ರತಿಕಾಯಗಳು ಅದನ್ನು ಪೂರ್ಣವಾಗಿ ಗುರುತಿಸಲಾರವು. ಇದನ್ನು ಪ್ರತಿಜನಕ ಸರಿತ ಎನ್ನುತ್ತಾರೆ. ಒಬ್ಬರಿಗೆ ಜೀವಮಾನದಲ್ಲಿ ಹಲವು ಬಾರಿ ಫ್ಲೂ ಬರುವುದಕ್ಕೂ, ಲಸಿಕೆಯನ್ನು ಆಗಾಗ ಬದಲಾಯಿಸಬೇಕಾಗುವುದಕ್ಕೂ ಇದೇ ಕಾರಣ.

ಎರಡನೆಯದು ಹಠಾತ್ ಬದಲಾವಣೆ. ಎರಡು ಬೇರೆ ಬೇರೆ ತಳಿಗಳು ಒಂದೇ ಜೀವಕೋಶವನ್ನು ಒಟ್ಟಿಗೆ ಹೊಕ್ಕರೆ, ಹೊರಬರುವ ಹೊಸ ವೈರಾಣುಗಳಲ್ಲಿ ಎರಡೂ ತಳಿಗಳ ತುಂಡುಗಳು ಬೆರೆತಿರಬಹುದು. ಇದಕ್ಕೆ ಮರುವಿಂಗಡಣೆ ಎಂದು ಹೆಸರು. ಎಂಟು ತುಂಡುಗಳಿರುವುದರಿಂದ ಎರಡು ತಳಿಗಳಿಂದ ತಾತ್ವಿಕವಾಗಿ 256 ಬಗೆಯ ಜೋಡಣೆಗಳು ಸಾಧ್ಯ. ಇವುಗಳಲ್ಲಿ ಹೆಚ್ಚಿನವು ದುರ್ಬಲವಾಗಿದ್ದು ನಾಶವಾಗುತ್ತವೆ. ಮನುಷ್ಯರಲ್ಲಿ ಹರಡಲು ಈಗಾಗಲೇ ಒಗ್ಗಿಕೊಂಡ ಒಳಗಿನ ವಂಶವಾಹಿಗಳೂ, ಮನುಷ್ಯರ ದೇಹಕ್ಕೆ ಅಪರಿಚಿತವಾದ ಹಿಮಗ್ಲುಟಿನಿನ್ನೂ ಒಂದೇ ವೈರಾಣುವಿನಲ್ಲಿ ಕೂಡಿಬಂದರೆ ಜಾಗತಿಕ ಪಿಡುಗಿಗೆ ದಾರಿಯಾಗುತ್ತದೆ. ಇದನ್ನು ಪ್ರತಿಜನಕ ಪಲ್ಲಟ ಎನ್ನುತ್ತಾರೆ.

ಪ್ರಭೇದಗಳ ನಡುವಿನ ತಡೆ

ಹಕ್ಕಿಯ ವೈರಾಣುವು ಮನುಷ್ಯರಲ್ಲಿ ನೆಲೆಯೂರಬೇಕಾದರೆ ಹಲವು ತಡೆಗಳನ್ನು ದಾಟಬೇಕು. ಹಕ್ಕಿಗಳ ವೈರಾಣುಗಳು ಅಂಟಿಕೊಳ್ಳುವ ಸಯಾಲಿಕ್ ಆಮ್ಲದ ಬಂಧವೂ ಮನುಷ್ಯರ ಮೂಗು ಮತ್ತು ಗಂಟಲಿನ ಜೀವಕೋಶಗಳಲ್ಲಿ ಹೇರಳವಾಗಿರುವ ಬಂಧವೂ ಬೇರೆ ಬೇರೆ. ಹಕ್ಕಿಗಳಿಗೆ ಒಗ್ಗಿದ ಬಂಧವು ಮನುಷ್ಯರಲ್ಲಿ ಶ್ವಾಸಕೋಶದ ಆಳದಲ್ಲಿ ಹೆಚ್ಚಾಗಿರುತ್ತದೆ. ಆದ್ದರಿಂದ ಹಕ್ಕಿಜ್ವರವು ಮನುಷ್ಯರಲ್ಲಿ ತೀವ್ರ ನ್ಯುಮೋನಿಯಾವನ್ನು ಉಂಟುಮಾಡಬಲ್ಲದಾದರೂ ಕೆಮ್ಮು ಸೀನುಗಳ ಮೂಲಕ ಸುಲಭವಾಗಿ ಹರಡುವುದಿಲ್ಲ. ಇದರ ಜೊತೆಗೆ, ಹಕ್ಕಿಯ ದೇಹಕ್ಕಿಂತ ತಂಪಾಗಿರುವ ಮನುಷ್ಯರ ಮೂಗಿನಲ್ಲಿ ವೃದ್ಧಿಯಾಗಲು ವೈರಾಣುವಿನ ಪಾಲಿಮರೇಸ್ ಎಂಬ ಕಿಣ್ವವೂ ಬದಲಾಗಬೇಕು. ಹಂದಿಯ ಉಸಿರಾಟದ ನಾಳದಲ್ಲಿ ಎರಡೂ ಬಗೆಯ ಬಂಧಗಳಿರುವುದರಿಂದ ಅದನ್ನು ತಳಿಗಳು ಬೆರೆಯುವ ಪಾತ್ರೆಗೆ ಹೋಲಿಸುವುದುಂಟು.

ನಾಲ್ಕು ಪಿಡುಗುಗಳು

1918ರ ಎಚ್‌1ಎನ್‌1: ಸ್ಪ್ಯಾನಿಷ್ ಫ್ಲೂ ಎಂದು ಪ್ರಸಿದ್ಧವಾದ ಈ ಪಿಡುಗು ಸ್ಪೇನಿನಲ್ಲಿ ಹುಟ್ಟಿತೆಂಬುದಕ್ಕೆ ಆಧಾರವಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ತಟಸ್ಥವಾಗಿದ್ದ ಸ್ಪೇನಿನ ಪತ್ರಿಕೆಗಳು ರೋಗದ ಸುದ್ದಿಯನ್ನು ಮುಕ್ತವಾಗಿ ಪ್ರಕಟಿಸಿದ್ದರಿಂದ ಆ ಹೆಸರು ಬಂದಿತು. ಆಗಿನ ವಿಶ್ವದ ಜನಸಂಖ್ಯೆಯ ಸುಮಾರು ಮೂರನೇ ಒಂದರಷ್ಟು ಜನರಿಗೆ ಸೋಂಕು ತಗುಲಿತೆಂದೂ, ಕನಿಷ್ಠ ಐದು ಕೋಟಿ ಜನರು ಮೃತಪಟ್ಟಿರಬಹುದೆಂದೂ ಅಂದಾಜಿಸಲಾಗಿದೆ. ಮೃತರಲ್ಲಿ 20ರಿಂದ 40 ವರ್ಷದೊಳಗಿನ ಆರೋಗ್ಯವಂತರು ಹೆಚ್ಚಾಗಿದ್ದುದು ಅಸಾಮಾನ್ಯ ಸಂಗತಿಯಾಗಿತ್ತು. ಭಾರತದಲ್ಲಿ ರೋಗವು 1918ರ ಜೂನ್‌ನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು ರೈಲುಮಾರ್ಗಗಳ ಮೂಲಕ ಒಳನಾಡಿಗೆ ಹರಡಿತು. ಸೆಪ್ಟೆಂಬರ್‌ನಲ್ಲಿ ಆರಂಭವಾದ ಎರಡನೆಯ ಅಲೆಯು ಮೊದಲನೆಯದಕ್ಕಿಂತ ಬಹಳ ಭೀಕರವಾಗಿತ್ತು. ದೇಶದಲ್ಲಿ 1.2 ಕೋಟಿಯಿಂದ 2 ಕೋಟಿ ಜನರು ಸತ್ತರೆಂಬ ಅಂದಾಜುಗಳಿವೆ. ಇಂದಿನ ಭಾರತದ ಭೂಭಾಗದ ಜನಗಣತಿಯಲ್ಲಿ ಜನಸಂಖ್ಯೆಯು ಇಳಿಕೆ ಕಂಡ ಏಕೈಕ ದಶಕವೆಂದರೆ 1911ರಿಂದ 1921.

ಆ ಕಾಲದಲ್ಲಿ ರೋಗಕ್ಕೆ ಬ್ಯಾಕ್ಟೀರಿಯಾ ಕಾರಣವೆಂದು ಅನೇಕರು ನಂಬಿದ್ದರು. ಮಾನವ ಇನ್‌ಫ್ಲುಯೆಂಜಾ ವೈರಾಣುವನ್ನು 1933ರಲ್ಲಿ ಲಂಡನ್ನಿನಲ್ಲಿ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್ ಮತ್ತು ಪ್ಯಾಟ್ರಿಕ್ ಲೇಡ್ಲಾ ಅವರು ಬೇರ್ಪಡಿಸಿದರು. 1918ರ ವೈರಾಣುವಿನ ವಂಶವಾಹಿಗಳನ್ನು ಜೆಫ್ರಿ ಟೌಬೆನ್‌ಬರ್ಗರ್ ಮತ್ತು ಸಂಗಡಿಗರು ಸಂರಕ್ಷಿತ ಅಂಗಾಂಶಗಳಿಂದಲೂ, ಅಲಾಸ್ಕದ ಹೆಪ್ಪುಗಟ್ಟಿದ ನೆಲದಲ್ಲಿ ಹೂಳಲಾಗಿದ್ದ ಮೃತದೇಹದಿಂದಲೂ ಸಂಗ್ರಹಿಸಿ, 2005ರಲ್ಲಿ ಅವುಗಳ ಪೂರ್ಣ ಅನುಕ್ರಮವನ್ನು ಪ್ರಕಟಿಸಿದರು. ಆ ವಂಶವಾಹಿಗಳು ಹಕ್ಕಿಗಳ ವೈರಾಣುಗಳನ್ನು ಬಹುಮಟ್ಟಿಗೆ ಹೋಲುತ್ತವೆ.

1957ರ ಎಚ್‌2ಎನ್‌2: ಏಷ್ಯನ್ ಫ್ಲೂ ಎಂದು ಕರೆಯಲಾದ ಇದು ಚೀನಾದಲ್ಲಿ ಕಾಣಿಸಿಕೊಂಡಿತು. 1918ರಿಂದ ಹರಿದುಬಂದಿದ್ದ ಎಚ್‌1ಎನ್‌1 ತಳಿಯು ಐದು ತುಂಡುಗಳನ್ನು ಉಳಿಸಿಕೊಂಡು, ಹಿಮಗ್ಲುಟಿನಿನ್, ನ್ಯೂರಮಿನಿಡೇಸ್ ಮತ್ತು ಪಾಲಿಮರೇಸ್‌ನ ಒಂದು ಭಾಗವನ್ನು ಹಕ್ಕಿಗಳ ವೈರಾಣುವಿನಿಂದ ಪಡೆದುದರಿಂದ ಈ ತಳಿ ಉಂಟಾಯಿತು. ಹೊಸ ತಳಿ ಹರಡಿದಂತೆ ಹಳೆಯ ಎಚ್‌1ಎನ್‌1 ಮನುಷ್ಯರಿಂದ ಮರೆಯಾಯಿತು.

1968ರ ಎಚ್‌3ಎನ್‌2: ಹಾಂಗ್‌ಕಾಂಗ್‌ನಲ್ಲಿ ಜುಲೈ ತಿಂಗಳಲ್ಲಿ ಗುರುತಿಸಲಾದ ಈ ತಳಿಯಲ್ಲಿ ಆರು ತುಂಡುಗಳು ಎಚ್‌2ಎನ್‌2ರಿಂದಲೂ, ಹಿಮಗ್ಲುಟಿನಿನ್ ಮತ್ತು ಪಾಲಿಮರೇಸ್‌ನ ಒಂದು ಭಾಗ ಹಕ್ಕಿಗಳಿಂದಲೂ ಬಂದಿದ್ದವು. ನ್ಯೂರಮಿನಿಡೇಸ್ ಹಳೆಯದೇ ಆಗಿದ್ದುದರಿಂದ ಜನರಲ್ಲಿದ್ದ ಭಾಗಶಃ ರೋಗನಿರೋಧಕ ಶಕ್ತಿಯು ರೋಗದ ತೀವ್ರತೆಯನ್ನು ತಗ್ಗಿಸಿರಬಹುದೆಂದು ಭಾವಿಸಲಾಗಿದೆ. 1957 ಮತ್ತು 1968ರ ಪಿಡುಗುಗಳಲ್ಲಿ ತಲಾ ಸುಮಾರು ಹತ್ತು ಲಕ್ಷ ಜನರು ಮೃತಪಟ್ಟರೆಂಬ ಅಂದಾಜಿದೆ.

2009ರ ಎಚ್‌1ಎನ್‌1: ಹಂದಿಜ್ವರವೆಂದು ಜನಬಳಕೆಯಲ್ಲಿರುವ ಈ ತಳಿಯು ಮೆಕ್ಸಿಕೊ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಮೊದಲು ಪತ್ತೆಯಾಯಿತು. ಉತ್ತರ ಅಮೆರಿಕದ ಹಂದಿಗಳಲ್ಲಿದ್ದ ಮಿಶ್ರತಳಿಯ ಆರು ತುಂಡುಗಳೂ, ಯೂರೋಪ್ ಮತ್ತು ಏಷ್ಯಾದ ಹಂದಿಗಳಲ್ಲಿದ್ದ ತಳಿಯ ಎರಡು ತುಂಡುಗಳೂ ಇದರಲ್ಲಿ ಸೇರಿವೆ. ಉಪವಿಧದ ಹೆಸರು ಆಗಿನ ಋತುಮಾನದ ಎಚ್‌1ಎನ್‌1ರದ್ದೇ ಆಗಿದ್ದರೂ, ಹಿಮಗ್ಲುಟಿನಿನ್ ಬಹಳ ಭಿನ್ನವಾಗಿತ್ತು. ಇದರ ಹಿಮಗ್ಲುಟಿನಿನ್ 1918ರ ಸುಮಾರಿಗೆ ಹಂದಿಗಳನ್ನು ಸೇರಿ ಅಲ್ಲಿ ನಿಧಾನವಾಗಿ ಬದಲಾದ ವಂಶಕ್ಕೆ ಸೇರಿತ್ತು. ಆದ್ದರಿಂದ ಬಾಲ್ಯದಲ್ಲಿ ಹಳೆಯ ಎಚ್‌1ಎನ್‌1 ಸೋಂಕು ಪಡೆದಿದ್ದ ಅನೇಕ ವೃದ್ಧರಿಗೆ ಸ್ವಲ್ಪ ರಕ್ಷಣೆ ದೊರೆಯಿತು. ಮಕ್ಕಳು ಮತ್ತು ಯುವಜನರು ಹೆಚ್ಚು ಬಾಧಿತರಾದರು. ವಿಶ್ವ ಆರೋಗ್ಯ ಸಂಸ್ಥೆಯು 2009ರ ಜೂನ್ 11ರಂದು ಇದನ್ನು ಜಾಗತಿಕ ಪಿಡುಗೆಂದು ಘೋಷಿಸಿತು. 2010ರ ಆಗಸ್ಟ್ 10ರಂದು ಪಿಡುಗು ಮುಗಿಯಿತೆಂದು ತಿಳಿಸಿತು. ಚೆನ್ನಾಗಿ ಬೇಯಿಸಿದ ಹಂದಿಮಾಂಸದ ಸೇವನೆಯಿಂದ ಈ ರೋಗ ಹರಡುವುದಿಲ್ಲ.

1977ರ ಮರುಕಳಿಕೆ

1957ರಲ್ಲಿ ಮರೆಯಾಗಿದ್ದ ಎಚ್‌1ಎನ್‌1 ವೈರಾಣು 1977ರಲ್ಲಿ ಮತ್ತೆ ಕಾಣಿಸಿಕೊಂಡಿತು. ಅದರ ವಂಶವಾಹಿಗಳು 1950ರ ಸುಮಾರಿನ ತಳಿಗಳಿಗೆ ಅತ್ಯಂತ ಸಮೀಪವಾಗಿದ್ದವು. ನಿಸರ್ಗದಲ್ಲಿ ಹರಡುತ್ತಿದ್ದ ವೈರಾಣುವು ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ಬದಲಾಗದೆ ಉಳಿಯುವುದು ಅಸಂಭವ. ಹೀಗಾಗಿ ಶೈತ್ಯಾಗಾರದಲ್ಲಿದ್ದ ತಳಿಯು ಪ್ರಯೋಗಾಲಯದಿಂದ ಅಥವಾ ಲಸಿಕೆಯ ಪ್ರಯೋಗದಿಂದ ಹೊರಬಂದಿರಬಹುದೆಂದು ಅನೇಕ ವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ. ಹಿಂದೆ ಈ ತಳಿಗೆ ಒಡ್ಡಿಕೊಳ್ಳದಿದ್ದ ಸುಮಾರು 25 ವರ್ಷದೊಳಗಿನವರಲ್ಲಿಯೇ ರೋಗ ಹೆಚ್ಚಾಗಿ ಕಂಡುಬಂದಿತು.

ಪಿಡುಗಿನ ನಂತರ

ಜಾಗತಿಕ ಪಿಡುಗಿನ ವೈರಾಣು ಸಾಮಾನ್ಯವಾಗಿ ಅಳಿದುಹೋಗುವುದಿಲ್ಲ. ಜನರಲ್ಲಿ ರೋಗನಿರೋಧಕ ಶಕ್ತಿ ಬೆಳೆದಂತೆ ಅದು ಋತುಮಾನದ ಫ್ಲೂ ಆಗಿ ಮುಂದುವರಿಯುತ್ತದೆ. ಇಂದು ಮನುಷ್ಯರಲ್ಲಿ ಹರಡುತ್ತಿರುವ ಇನ್‌ಫ್ಲುಯೆಂಜಾ ಎ ವೈರಾಣುಗಳೆಂದರೆ 1968ರ ಎಚ್‌3ಎನ್‌2 ಮತ್ತು 2009ರ ಎಚ್‌1ಎನ್‌1 ತಳಿಗಳ ಸಂತತಿಗಳು. ವೈರಾಣುವು ಕಾಲಕ್ರಮೇಣ ಸೌಮ್ಯವಾಗಲೇಬೇಕೆಂಬ ನಿಯಮವೇನೂ ಇಲ್ಲ. ತೀವ್ರತೆ ಕಡಿಮೆಯಾದಂತೆ ಕಾಣುವುದಕ್ಕೆ ಜನರ ರೋಗನಿರೋಧಕ ಶಕ್ತಿಯೇ ಬಹುಮಟ್ಟಿಗೆ ಕಾರಣ. ಋತುಮಾನದ ಫ್ಲೂ ಸಂಬಂಧಿತ ಉಸಿರಾಟದ ತೊಂದರೆಗಳಿಂದ ವಿಶ್ವದಲ್ಲಿ ಪ್ರತಿವರ್ಷ 2.9 ಲಕ್ಷದಿಂದ 6.5 ಲಕ್ಷ ಜನರು ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಪಿಡುಗಾಗದ ಸೋಂಕುಗಳು

ಪ್ರಾಣಿಗಳಿಂದ ಮನುಷ್ಯರಿಗೆ ದಾಟುವ ವೈರಾಣುಗಳಲ್ಲಿ ಹೆಚ್ಚಿನವು ಜಾಗತಿಕ ಪಿಡುಗನ್ನು ಉಂಟುಮಾಡುವುದಿಲ್ಲ. ಕರ್ನಾಟಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನಕಾಯಿಲೆಯು ಇದಕ್ಕೆ ಉತ್ತಮ ಉದಾಹರಣೆ. ಬೇರೆ ಕುಟುಂಬಕ್ಕೆ ಸೇರಿದ ಈ ವೈರಾಣು ಉಣ್ಣೆಗಳ ಕಡಿತದಿಂದ ಮನುಷ್ಯರಿಗೆ ತಗಲುತ್ತದೆ. ಅದು ಮನುಷ್ಯರಿಂದ ಮನುಷ್ಯರಿಗೆ ಹರಡದಿರುವುದರಿಂದ ಪ್ರಾಣಹಾನಿ ಉಂಟುಮಾಡಿದರೂ ಜಾಗತಿಕ ಪಿಡುಗಾಗಲಿಲ್ಲ.

ಇನ್‌ಫ್ಲುಯೆಂಜಾಗಳಲ್ಲಿ ಎಚ್‌5ಎನ್‌1 ಹಕ್ಕಿಜ್ವರವು ಇಂತಹ ಸ್ಥಿತಿಯಲ್ಲಿದೆ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಇದು 18 ಜನರಿಗೆ ತಗುಲಿ ಆರು ಮಂದಿ ಮೃತಪಟ್ಟರು. ಅಲ್ಲಿನ ಆಡಳಿತವು ಹತ್ತು ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಂದು ಹರಡುವಿಕೆಯನ್ನು ತಡೆಯಿತು. ಭಾರತದ ಕೋಳಿಗಳಲ್ಲಿ ಈ ರೋಗವು 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲು ದೃಢಪಟ್ಟಿತು. 2024ರಲ್ಲಿ ಅಮೆರಿಕದ ಹಾಲು ಕರೆಯುವ ಹಸುಗಳಲ್ಲಿಯೂ ಇದು ಪತ್ತೆಯಾಯಿತು. ಬೆರಳೆಣಿಕೆಯಷ್ಟು ಉತ್ಪರಿವರ್ತನೆಗಳಿಂದ ಈ ವೈರಾಣು ಫೆರೆಟ್ ಎಂಬ ಸಣ್ಣ ಸಸ್ತನಿಗಳ ನಡುವೆ ಗಾಳಿಯ ಮೂಲಕ ಹರಡಬಲ್ಲದೆಂದು 2012ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಇಂತಹ ಪ್ರಯೋಗಗಳನ್ನು ನಡೆಸುವುದು ಸರಿಯೇ ಎಂಬ ಚರ್ಚೆಗೂ ಅವು ಕಾರಣವಾದವು.

ನಿಗಾ ವ್ಯವಸ್ಥೆ

ಮುಂದಿನ ಪಿಡುಗು ಯಾವ ಉಪವಿಧದಿಂದ, ಎಲ್ಲಿ, ಯಾವಾಗ ಹುಟ್ಟುವುದೆಂದು ಮುಂಚಿತವಾಗಿ ಹೇಳುವ ವಿಧಾನವಿಲ್ಲ. 2009ರಲ್ಲಿ ವಿಜ್ಞಾನಿಗಳ ಗಮನವು ಹೆಚ್ಚಾಗಿ ಏಷ್ಯಾದ ಹಕ್ಕಿಜ್ವರದ ಮೇಲಿದ್ದಾಗ ಪಿಡುಗು ಅಮೆರಿಕ ಖಂಡದ ಹಂದಿಗಳಿಂದ ಬಂದಿತು. ಆದ್ದರಿಂದ ಮನುಷ್ಯರ ಜೊತೆಗೆ ಪ್ರಾಣಿಗಳಲ್ಲಿರುವ ತಳಿಗಳ ಮೇಲೂ ನಿರಂತರ ನಿಗಾ ಅಗತ್ಯ. ವಿಶ್ವ ಆರೋಗ್ಯ ಸಂಸ್ಥೆಯ ಇನ್‌ಫ್ಲುಯೆಂಜಾ ನಿಗಾ ಜಾಲವು 1952ರಿಂದ ಕಾರ್ಯನಿರ್ವಹಿಸುತ್ತಿದ್ದು, ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ವರ್ಷಕ್ಕೆ ಎರಡು ಬಾರಿ ಶಿಫಾರಸು ಮಾಡುತ್ತದೆ. ಭಾರತದಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯು ಮಾನವ ಮಾದರಿಗಳನ್ನೂ, ಭೋಪಾಲದ ರಾಷ್ಟ್ರೀಯ ಉನ್ನತ ಸುರಕ್ಷತಾ ಪ್ರಾಣಿರೋಗ ಸಂಸ್ಥೆಯು ಪ್ರಾಣಿ ಪಕ್ಷಿಗಳ ಮಾದರಿಗಳನ್ನೂ ಪರೀಕ್ಷಿಸುತ್ತವೆ. ಕೋಳಿ ಅಥವಾ ಕಾಡುಹಕ್ಕಿಗಳು ಒಮ್ಮೆಗೇ ಹೆಚ್ಚಿನ ಸಂಖ್ಯೆಯಲ್ಲಿ ಸತ್ತಿರುವುದು ಕಂಡುಬಂದರೆ ಅವುಗಳನ್ನು ಬರಿಗೈಯಿಂದ ಮುಟ್ಟದೆ ಪಶುವೈದ್ಯ ಇಲಾಖೆಗೆ ತಿಳಿಸುವುದು ಈ ನಿಗಾ ಕಾರ್ಯದ ಮೊದಲ ಹಂತವಾಗಿದೆ.